ಪಂಚಾಯಿತಿ ಸ್ವತ್ತಿನ ತೆರವು: ಬೀಗ ಹಾಕುವ ಮುನ್ನ

(ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಗೋಡೆ ಬಿರುಕು ಬಿಟ್ಟರೆ ಮೊದಲು ತಳಪಾಯವನ್ನು ಪರೀಕ್ಷಿಸಬೇಕೆಂದು ನಮಗೆ ಕಲಿಸಿದ್ದರು. ತೆರವು ವ್ಯಾಜ್ಯಗಳ ತಳಪಾಯವನ್ನು ಮಾತ್ರ ನಾನು ಪರೀಕ್ಷಿಸಿದ್ದು ಒಂದು ಪ್ರಕರಣದಲ್ಲಿ ಮುಖಭಂಗವಾದ ಮೇಲೆ.

ಹಿಂದೆ ನಾನು ಸೇವೆಯಲ್ಲಿದ್ದ ಪಂಚಾಯಿತಿಯೊಂದರ ಮಳಿಗೆಯನ್ನು ಐದು ವರ್ಷಗಳ ಅವಧಿಗೆ ಬಾಡಿಗೆಗೆ ನೀಡಲಾಗಿತ್ತು. ಕರಾರು ಛಾಪಾ ಕಾಗದದಲ್ಲಿತ್ತು, ನೋಂದಣಿಯಾಗಿರಲಿಲ್ಲ. ಅವಧಿ ಮುಗಿದರೂ ಬಿಲ್ ಕಲೆಕ್ಟರ್ ಪ್ರತಿ ತಿಂಗಳೂ ಬಾಡಿಗೆ ಪಡೆದು ರಸೀದಿ ಹರಿಯುತ್ತಲೇ ಇದ್ದರು. ಮರುಹರಾಜಿಗೆ ಸಭೆ ಠರಾವು ಮಾಡಿತು. ನಾನು ಮೂರು ದಿನಗಳ ನೋಟಿಸ್ ನೀಡಿ, ನಾಲ್ಕನೆಯ ದಿನ ಬೀಗ ಜಡಿಸಿದೆ. ಬಾಡಿಗೆದಾರರು ನ್ಯಾಯಾಲಯಕ್ಕೆ ಹೋದರು. ಅವಧಿ ಮುಗಿದ ಮೇಲೆ ರಸೀದಿ ಏಕೆ ಕೊಟ್ಟಿರಿ, ಈ ನೋಟಿಸ್ ಯಾವ ಕಾಯ್ದೆಯದು ಎಂಬ ಎರಡು ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಬೀಗವನ್ನು ನಾವೇ ತೆಗೆದೆವು.

ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮಿನಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿಯಾಗಿರಲೇಬೇಕು. ಅವಧಿ ಮುಗಿದ ಮೇಲೂ ಬಾಡಿಗೆ ಸ್ವೀಕರಿಸಿದರೆ, 116ನೇ ಕಲಮಿನ ಪ್ರಕಾರ ಗುತ್ತಿಗೆ ಮುಂದುವರಿದಂತೆ ವಾದಿಸಲು ಎದುರು ಪಕ್ಷಕ್ಕೆ ಅವಕಾಶ ದೊರೆಯುತ್ತದೆ. ಆಗ ಮಾಸಿಕ ಬಾಡಿಗೆಯನ್ನು ಕೊನೆಗೊಳಿಸಲು 106ನೇ ಕಲಮಿನ 15 ದಿನಗಳ ನೋಟಿಸ್ ಬೇಕು. ಅನಂತರವೂ ಬಿಡದಿದ್ದರೆ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ (ಅನಧಿಕೃತ ಅಧಿಭೋಗದಾರರನ್ನು ಹೊರಹಾಕುವ) ಅಧಿನಿಯಮವಿದೆ. ಅದರಡಿ ಕಾರಣ ಕೇಳುವ ನೋಟಿಸ್, ವಿಚಾರಣೆ, ಲಿಖಿತ ಆದೇಶ ಎಲ್ಲವೂ ಸಕ್ಷಮ ಅಧಿಕಾರಿಯ ಕೆಲಸ. ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರಿಗೆ. ನಮ್ಮ ಠರಾವು ಆ ಆದೇಶಕ್ಕೆ ಬದಲಿಯಾಗದು.

ಬೆಂಗಳೂರಿನ ನಿವೇಶನವೊಂದರ ಕುರಿತ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ, ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ಮಾಲೀಕನೇ ಆದರೂ ಬಲದಿಂದ ಹೊರಹಾಕುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಹೇಳಿತು. ಪಂಚಾಯಿತಿಯೂ ಒಬ್ಬ ಮಾಲೀಕನೇ ಎಂಬುದನ್ನು ನಾವು ಮರೆಯುತ್ತೇವೆ.

ಕೆರೆ, ಗುಂಡುತೋಪು, ರಸ್ತೆಗಳ ವಿಚಾರ ಬೇರೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಕೆರೆಯಂಗಳ, ರಾಜಕಾಲುವೆಗಳ ಗಡಿಯ ಪ್ರಶ್ನೆಗೆ ಹೊಸ ಜೀವ ಬಂತು. ಒಣಗಿದ ಕಾಲುವೆಯ ಒತ್ತುವರಿಯನ್ನು ಯಾರೂ ಕೇಳುತ್ತಿರಲಿಲ್ಲ! ಇಲ್ಲಿ ನೆನಪಿಡಬೇಕಾದದ್ದು ಜಗಪಾಲ್ ಸಿಂಗ್ ತೀರ್ಪು. ಪಂಜಾಬಿನ ಗ್ರಾಮವೊಂದರ ಕೊಳದ ಒತ್ತುವರಿ ಕುರಿತು 2011ರ ಜನವರಿ 28ರಂದು ಬಂದ ಈ ತೀರ್ಪು, ಗ್ರಾಮದ ಸಾಮುದಾಯಿಕ ಜಮೀನುಗಳನ್ನು ತೆರವುಗೊಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದಿತು. ದೀರ್ಘಕಾಲದ ಸ್ವಾಧೀನವಾಗಲಿ, ಕಟ್ಟಡಕ್ಕೆ ಮಾಡಿದ ವೆಚ್ಚವಾಗಲಿ ಸಕ್ರಮಕ್ಕೆ ಕಾರಣವಾಗದು. ಭೂರಹಿತ ಕಾರ್ಮಿಕರಿಗೆ, ಪರಿಶಿಷ್ಟರಿಗೆ ಸರ್ಕಾರ ಅಧಿಸೂಚನೆಯಂತೆ ನೀಡಿದ ಗುತ್ತಿಗೆಯಂತಹ ಅಪರೂಪದ ಸಂದರ್ಭಗಳಿಗೆ ಮಾತ್ರ ವಿನಾಯಿತಿ ಇದೆ.

ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 13ರಂದು, ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟಿಸ್ ಕಡ್ಡಾಯವೆಂದಿತು. ರಸ್ತೆ, ಪಾದಚಾರಿ ಮಾರ್ಗ, ಜಲಮೂಲಗಳ ಮೇಲಿನ ಅನಧಿಕೃತ ರಚನೆಗಳಿಗೆ ಆ ನಿರ್ದೇಶನ ಅನ್ವಯಿಸದು. ಆದರೂ ನೋಟಿಸ್ ನೀಡುವುದೇ ಲೇಸೆಂದು ನನ್ನ ಅಭಿಪ್ರಾಯ. ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗವೆಂದು 1985ರ ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲೇ ಹೇಳಲಾಗಿದೆ. ಸಂತೆಯ ಹೂ ಮಾರುವಾಕೆಯನ್ನೂ ಕಾಲುವೆ ಮುಚ್ಚಿ ನಿವೇಶನ ಮಾಡಿದವನನ್ನೂ ಒಂದೇ ಪಟ್ಟಿಯಲ್ಲಿ ಸೇರಿಸುವುದು ಸರಿಯಲ್ಲ.

ನೋಟಿಸಿಗೂ ಮುನ್ನ ಅಳತೆ. 2023ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅರಣ್ಯ ಒತ್ತುವರಿ ತೆರವಾದಾಗ ಮಾವಿನ ಮರಗಳು ಉರುಳಿದ್ದನ್ನೂ ರೈತರ ಆಕ್ರೋಶವನ್ನೂ ತಾವು ಬಲ್ಲಿರಿ. ಗಡಿಯ ಬಗ್ಗೆ ಇಲಾಖೆಗೂ ರೈತರಿಗೂ ಒಮ್ಮತವಿಲ್ಲದೆಡೆ ಯಂತ್ರ ಇಳಿಸಿದರೆ ಕಹಿಯೇ ಉಳಿಯುತ್ತದೆ.

ಕಾಲಮಿತಿಯ ಒಂದು ಸೂಕ್ಷ್ಮವನ್ನು ಹೇಳಲೇಬೇಕು. 1963ರ ಅಧಿನಿಯಮದಂತೆ ಸರ್ಕಾರಕ್ಕೆ ದಾವೆ ಹೂಡಲು 30 ವರ್ಷಗಳಿವೆ. ಸ್ಥಳೀಯ ಸಂಸ್ಥೆಗಳಿಗೆ ಆ 30 ವರ್ಷಗಳನ್ನು ಹೇಳಿರುವುದು ಸಾರ್ವಜನಿಕ ಬೀದಿ, ರಸ್ತೆಗಳಿಗೆ ಮಾತ್ರ. ಪಂಚಾಯಿತಿಯ ಇತರ ಸ್ವತ್ತಿನಲ್ಲಿ ಎದುರು ಪಕ್ಷವು 12 ವರ್ಷಗಳ ಪ್ರತಿಕೂಲ ಸ್ವಾಧೀನದ ವಾದ ಎತ್ತಬಹುದು. ಊರಿನವರಿಗೆಲ್ಲ ಇ-ಸ್ವತ್ತಿನಲ್ಲಿ ನಮೂನೆ 9 ಕೊಡುವ ನಾವು, ನಮ್ಮದೇ ಮಳಿಗೆಯ ಚಕ್ಕುಬಂದಿಯನ್ನು ಬರೆದಿಟ್ಟಿರುವುದಿಲ್ಲ.

ಆದ್ದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ತಾವು ಆಸ್ತಿ ವಹಿಯನ್ನು, ಪ್ರತಿ ಮಳಿಗೆಯ ಕರಾರನ್ನು, ಕೊನೆಯ ರಸೀದಿಯನ್ನು ಮೇಜಿನ ಮೇಲೆ ಇಡಲು ಕೇಳಿರಿ. ಅವಧಿ ಮುಗಿದ ಕರಾರುಗಳಲ್ಲಿ ವಕೀಲರ ಸಲಹೆಯಿಲ್ಲದೆ ಇನ್ನೊಂದು ರಸೀದಿ ಹರಿಯದಿರಲಿ. ತಡೆಯಾಜ್ಞೆಯ ಸಂಭವವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಕೇವಿಯಟ್ ಸಲ್ಲಿಸಿ. ಅದರ ಆಯುಷ್ಯ 90 ದಿನ, ದಿನಾಂಕವನ್ನು ಗುರುತು ಹಾಕಿಕೊಳ್ಳಿ.