ಮಕ್ಕಳ ಬರಹ ಪ್ರಯೋಗಪುಟದಲ್ಲೇ ಉಳಿಯದಿರಲಿ

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲಾ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳಿಂದ ವಿಕಿಪೀಡಿಯಕ್ಕೆ ಬರೆಸಬೇಕೆಂಬ ಉತ್ಸಾಹ ನಿಮ್ಮಲ್ಲಿ ಹಲವರಿಗಿದೆ, ಸಂತೋಷ. ಆದರೆ ಬರೆದದ್ದು ಕೊನೆಗೆ ಎಲ್ಲಿ ಉಳಿಯುತ್ತದೆ? ಈ ಹೊತ್ತು ನಾನು ಹೇಳಬಯಸುವುದು ಅದೊಂದನ್ನೇ.

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಖಾತೆ ತೆರೆದ ಸದಸ್ಯರು ಅಲ್ಲಿ ತಮ್ಮದೇ ಪ್ರಯೋಗಪುಟ ಇಟ್ಟುಕೊಳ್ಳಬಹುದು. ಅದು ಕರಡಿನ ಜಾಗ. ಎಣ್ಮಕಜೆಯದೋ ಬಾಯಾರಿನದೋ ಒಬ್ಬ ಹುಡುಗಿ ತನ್ನ ತೋಟದ ಸುರಂಗದ ಬಗ್ಗೆ, ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ನಮ್ಮ ಹಿರಿಯರ ಆ ವಿದ್ಯೆಯ ಬಗ್ಗೆ, ಅಲ್ಲಿ ಇಪ್ಪತ್ತು ಸಾಲು ಬರೆದಳೆನ್ನಿ. ವಿಕಿಯ ಹುಡುಕು ಪೆಟ್ಟಿಗೆ ಸಾಮಾನ್ಯವಾಗಿ ಪ್ರಕಟಿತ ಲೇಖನಗಳಲ್ಲಷ್ಟೇ ಹುಡುಕುತ್ತದೆ, ಸದಸ್ಯರ ಪುಟಗಳೊಳಗೆ ಇಣುಕುವುದಿಲ್ಲ. ಅಂಕ ಕೊಟ್ಟು ಕೈತೊಳೆದುಕೊಂಡರೆ ಆ ಬರಹ ಅಟ್ಟದ ಮೇಲಿನ ಹಳೆಯ ನೋಟುಪುಸ್ತಕವಾಯಿತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದ ವಿವರವನ್ನು ಕನ್ನಡದಲ್ಲಿ ನಾವು ಬರೆಯದೆ ಬೇರೆ ಯಾರು ಬರೆಯುತ್ತಾರೆ?

ಇದಕ್ಕೆ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಮಕ್ಕಳ ಪಠ್ಯವನ್ನು ನಕಲು ಮಾಡಿ, ತಮ್ಮ ಖಾತೆಯಿಂದ ಹೊಸ ಪುಟದಲ್ಲಿ ಅಂಟಿಸಿಬಿಡುತ್ತಾರೆ. ಇದು ಸಲ್ಲದು. ವಿಕಿಯ ಪ್ರತಿ ಪುಟಕ್ಕೂ ಒಂದು ಇತಿಹಾಸವಿದೆ: ಯಾರು, ಯಾವ ದಿನ, ಯಾವ ಸಾಲು ಸೇರಿಸಿದರು ಎಂಬ ದಾಖಲೆ. ಅಂಟಿಸಿದ ಪುಟದಲ್ಲಿ ಮೇಷ್ಟ್ರ ಖಾತೆಯ ಹೆಸರು ಮಾತ್ರ ಕಾಣುತ್ತದೆ. ಬರೆದ ಹುಡುಗಿ ಎಲ್ಲಿ ಹೋದಳು? ಬರೆದವರಿಗೆ ಮನ್ನಣೆ ಸಲ್ಲಬೇಕೆಂಬುದು ಬರಿಯ ಸೌಜನ್ಯವಲ್ಲ, ವಿಕಿಪೀಡಿಯದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಷರತ್ತೇ ಅದು.

ಸರಿಯಾದ ಸಾಧನವೆಂದರೆ ಪುಟವನ್ನು ಸ್ಥಳಾಂತರಿಸುವುದು. ಪ್ರಯೋಗಪುಟಕ್ಕೆ ಹೊಸ ಶೀರ್ಷಿಕೆ ಕೊಟ್ಟು ಲೇಖನಗಳ ಸಾಲಿಗೆ ಸರಿಸಿದಾಗ ಇತಿಹಾಸವೂ ಜೊತೆಯಲ್ಲೇ ಹೋಗುತ್ತದೆ. ಹಳೆಯ ವಿಳಾಸಕ್ಕೆ ಹೋದವರನ್ನು ಹೊಸ ಪುಟಕ್ಕೆ ಕಳಿಸುವ ಪುನರ್ನಿರ್ದೇಶನವೂ ಉಳಿಯುತ್ತದೆ. ಹೊಸ ಖಾತೆಗೆ ಮೊದಲ ಕೆಲವು ದಿನ ಈ ಅಧಿಕಾರ ಇರುವುದಿಲ್ಲ. ಆದ್ದರಿಂದ ಶಿಕ್ಷಕರು ತಮ್ಮ ಖಾತೆಯನ್ನು ಮುಂಚಿತವಾಗಿಯೇ ತೆರೆದಿಡುವುದು ಒಳ್ಳೆಯದು. (ಒಂದು ಇಡೀ ವಿಕಿಪೀಡಿಯವೇ ಕರಡಾಗಿದ್ದುದೂ ಉಂಟು. ನಮ್ಮ ತುಳು ವಿಕಿಪೀಡಿಯ ಇನ್‌ಕ್ಯುಬೇಟರ್ ಎಂಬ ಕಾವುಗೂಡಿನಲ್ಲಿ ವರ್ಷಗಟ್ಟಲೆ ಇದ್ದು 2016ರ ಆಗಸ್ಟ್‌ನಲ್ಲಿ ಹೊರಬಂತು.)

ಆ ಶೀರ್ಷಿಕೆಯಲ್ಲಿ ಆಗಲೇ ಲೇಖನವಿದ್ದರೆ ಪುಟವನ್ನು ಅಲ್ಲಿಗೆ ಸರಿಸಲಾಗದು. ಆಗ ಕರಡಿನ ಹೊಸ ಸಂಗತಿಗಳನ್ನು ಆ ಲೇಖನಕ್ಕೇ ಸೇರಿಸಿ, ಸಂಪಾದನೆಯ ಸಾರಾಂಶದಲ್ಲಿ ಕರಡಿನ ಕೊಂಡಿ ಕೊಡಬೇಕು. ಇನ್ನೂ ತಿದ್ದುವುದು ಬಾಕಿಯಿದ್ದರೆ ಲೇಖನದ ಚರ್ಚಾಪುಟದಲ್ಲಿ ‘ಇಂಥಲ್ಲಿ ಕರಡೊಂದಿದೆ’ ಎಂದು ಬರೆದಿಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2013ರಿಂದ ಕರಡುಗಳಿಗೇ ಪ್ರತ್ಯೇಕ ವಿಭಾಗವಿದೆ. ಲೇಖನವಿಲ್ಲದ ಶೀರ್ಷಿಕೆಯನ್ನು ತೆರೆದರೆ, ಆ ಹೆಸರಿನ ಕರಡಿದೆಯೆಂದು ಪುಟವೇ ತಿಳಿಸುತ್ತದೆ. ಆದರೆ ಆರು ತಿಂಗಳು ಯಾರೂ ಮುಟ್ಟದ ಕರಡನ್ನು ಅಲ್ಲಿ ಅಳಿಸಿಹಾಕಬಹುದು.

ಅವಸರವೂ ಬೇಡ. ಸುರಂಗ ಕೊರೆದ ಅಜ್ಜನ ಮಾತು ನಮಗೆ ಎಷ್ಟೇ ಪ್ರಮಾಣವಾದರೂ ವಿಕಿಪೀಡಿಯ ಅಚ್ಚಾದ ಆಧಾರ ಕೇಳುತ್ತದೆ. ಅದು ಸಿಗುವವರೆಗೆ ಕರಡು ಕರಡಾಗಿಯೇ ಇರಲಿ.

ತರಗತಿಯಲ್ಲಿ ಒಂದು ರಿಜಿಸ್ಟರ್ ಇಡಿ: ಒಂದು ಅಂಕಣದಲ್ಲಿ ಕರಡಿನ ವಿಳಾಸ, ಪಕ್ಕದಲ್ಲಿ ಅದು ಸೇರಿದ ಲೇಖನದ ಹೆಸರು. ಮಾರ್ಚ್ ಪರೀಕ್ಷೆಗೆ ಮುನ್ನ, ಎರಡನೆಯ ಅಂಕಣ ಖಾಲಿಯಿರುವ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿ.