ಸೊಕ್ಕು, ಅಮಲು, ಮದ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಜನರ ದಿನದ ಮಾತಿನಲ್ಲಿಯೇ ಒಂದು ದೊಡ್ಡ ವಿಚಾರವು ಅಡಗಿರುವದು. ಅಡಿಕೆಯನ್ನು ಅಗಿದವನಿಗೆ ತಲೆ ತಿರುಗಿದರೆ 'ಅಡಿಕೆ ಸೊಕ್ಕಿತು' ಎನ್ನುವರು. ನಾಲ್ಕು ಕೂರಿಗೆ ಹೊಲ ಹೆಚ್ಚಾಗಿ ನೆರೆಯವನನ್ನು ಮಾತನಾಡಿಸದವನಿಗೂ 'ಸೊಕ್ಕು ಬಂದಿದೆ' ಎನ್ನುವರು. ಮದವೆಂಬದು ಆನೆಯ ಕಪೋಲದಿಂದ ಸುರಿಯುವ ನೀರೂ ಅಹುದು, ಗರ್ವವೂ ಅಹುದು. ಮದ್ಯ, ಉನ್ಮಾದ, ಪ್ರಮಾದಗಳು ಅದೇ ಧಾತುವಿನ ಸಂತಾನಗಳು. ಇನ್ನು ಅಮಲು ಎಂಬ ಶಬ್ದವು ಅರಬ್ಬೀ ಮೂಲದ್ದು. ಕೆಲಸವೆಂಬ ಅರ್ಥದಿಂದ ಹೊರಟು ಕಾರಭಾರವಾಗಿ, ಆಳ್ವಿಕೆಯಾಗಿ, ಕಡೆಗೆ ಕುಡುಕನ ತಲೆಯನ್ನೂ ಏರಿತು. ನವಾಬರ ಅಮಲು, ಹೆಂಡದ ಅಮಲು! ಆಳುವದಕ್ಕೂ ತೂರಾಡುವದಕ್ಕೂ ಜನರು ಒಂದೇ ಹೆಸರನ್ನಿಟ್ಟರು. ಇದು ಯಾವ ಪಂಡಿತನ ಚಮತ್ಕಾರವೂ ಅಲ್ಲ.

ಹೆಂಡದ ಮಾತನ್ನು ಮೊದಲು ಹೇಳಬೇಕು. ಉಳಿದ ಮದಗಳನ್ನು ಎಣಿಸುವ ನೆಪದಿಂದ ಇದನ್ನು ಹಗುರು ಮಾಡಲಾಗದು. ಸಂತೆಯ ದಿನದ ಕೂಲಿಯು ಅಂಗಡಿಯಲ್ಲಿಯೇ ಕರಗಿ, ಮನೆಯಲ್ಲಿ ಒಲೆ ಹೊತ್ತದೆ ಹೋದಾಗ, ಮಕ್ಕಳನ್ನು ಹಸಿದೇ ಮಲಗಿಸುವ ತಾಯಿಗೆ ಶಬ್ದಾರ್ಥದ ವಿಚಾರವು ಬೇಕಿಲ್ಲ. 2007ನೆಯ ಇಸವಿ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟವು ನಿಷಿದ್ಧವಾಯಿತು; ಬೇರೆ ಮದ್ಯಗಳ ಅಂಗಡಿಗಳು ತೆರೆದೇ ಉಳಿದವು. 12ನೆಯ ಶತಮಾನದ ಶರಣ ಹೆಂಡದ ಮಾರಯ್ಯನವರದು ಹೆಂಡ ಮಾರುವ ಕಾಯಕ. ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ತಿಳಿಸಿ ಮನಸ್ಸು ತಿರುಗಿಸಿದರೆಂದು ಐತಿಹ್ಯವಿರುವದು. ಕುಡುಕನನ್ನು ದೂರದಿಂದ ಹಳಿಯುವವರು ಎಲ್ಲೆಲ್ಲಿಯೂ ಇರುವರು. ಮಾರಯ್ಯನವರಂತೆ ಅವನ ಮಗ್ಗುಲಲ್ಲಿ ನಿಂತವರು ವಿರಳ.

ಹಳಿಯುವವನ ತಲೆಯಾದರೂ ನೆಟ್ಟಗಿದೆಯೇ? ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪ ಎಂದು ಮದಗಳನ್ನು ಎಂಟಾಗಿ ಎಣಿಸಿರುವರು. ಹೆಂಡ ಕುಡಿದವನಿಗೆ ಬೆಳಗಾದರೆ ತಲೆನೋವಾದರೂ ಬರುವದು. ಕುಲಮದದವನಿಗೆ ಅದೂ ಇಲ್ಲ. ಊರೆಲ್ಲ ಅಮಲಿನಲ್ಲಿದೆ, ತಾನೊಬ್ಬನೇ ಎಚ್ಚರದಿಂದಿರುವೆನೆಂದು ಅವನ ನಂಬಿಗೆ.

ರೂಪ ಯೌವನಗಳ ಮದವನ್ನು ಕಾಲವೇ ಇಳಿಸುವದರಿಂದ ಅದಕ್ಕೆ ಉಪದೇಶ ಬೇಡ. ರಾಜ್ಯಮದಕ್ಕೆ ಸವಣೂರಿನ ದಾರಿಯಲ್ಲಿ ಒಮ್ಮೆ ನಡೆದರೆ ಸಾಕು. 1786ರಲ್ಲಿ ಟಿಪ್ಪೂ ಸುಲ್ತಾನನು ಆ ಪಟ್ಟಣವನ್ನು ಹಿಡಿದನು. ಮುಂದೆ ಉಳಿದುಕೊಂಡ ಚಿಕ್ಕ ಸಂಸ್ಥಾನವೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಕೂಡಿಹೋಯಿತು. ದೊಡ್ಡಹುಣಸೆ ಮಠದ ಮಹಾವೃಕ್ಷಗಳು ಆ ಅಮಲು ಏರಿದ್ದನ್ನೂ ಇಳಿದದ್ದನ್ನೂ ಕಂಡಿರುವವು.

ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿ, ದಂಡನಾಯಕನಾಗಿ ಕತ್ತಿ ಹಿಡಿದಿದ್ದ ಕನಕದಾಸರು ಅದನ್ನು ಕೆಳಗಿಟ್ಟ ಬಳಿಕ 'ರಾಮಧಾನ್ಯ ಚರಿತೆ'ಯನ್ನು ಬರೆದರು. ನೆಲ್ಲು ತನ್ನ ಕುಲವನ್ನು ಕೊಂಡಾಡಿ ರಾಗಿಯನ್ನು ಹೀಯಾಳಿಸುವದು. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುವನು. ನೆಲ್ಲು ಕಂದುವದು, ರಾಗಿಯು ಗಟ್ಟಿಯಾಗಿಯೇ ಹೊರಬರುವದು. ಅದೇ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು (1819–1889) ಕಳಸದ ಗೋವಿಂದಭಟ್ಟರನ್ನು ಗುರುವೆಂದು ಹಿಡಿದರು. ಭಟ್ಟರು ಒಪ್ಪಿದ್ದು ದೊಡ್ಡದೋ, ಶರೀಫರು ಬೇಡಿದ್ದು ದೊಡ್ಡದೋ! ಎರಡೂ ಕುಲದವರು ಆಡಿಕೊಳ್ಳದೆ ಬಿಟ್ಟಿರಲಾರರು. ಆದರೂ ಶರೀಫರ ಅಂತ್ಯಸಂಸ್ಕಾರವನ್ನು ಉಭಯ ಮತದವರೂ ಕೂಡಿ ನೆರವೇರಿಸಿದರು.

ಛಲದ ಮಾತು ತುಸು ಕಠಿಣವಾದದ್ದು. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನವರು ಜೈನರೊಡನೆ ಪಂಥ ಕಟ್ಟಿ, ಶಿರಸ್ಸನ್ನರಿದುಕೊಂಡು ಮರಳಿ ಪಡೆದರೆಂದು ಅಲ್ಲಿಯ ಸೋಮೇಶ್ವರ ಗುಡಿಯ ಶಾಸನವು ಸಾರುವದು. ಭಕ್ತನು ಆ ನಿಷ್ಠೆಯನ್ನು ನೆನೆದು ಕೈಮುಗಿಯುವನು. ಆದರೆ ಅದೇ ಗುಡಿಯ ಶಿಲ್ಪದಲ್ಲಿ ಜಿನಬಿಂಬವನ್ನು ಒಡೆಯುವ ಚಿತ್ರವೂ ಇರುವದು. ಛಲವು ಎಲ್ಲಿ ಮುಗಿಯಿತು, ಛಲಮದವು ಎಲ್ಲಿ ಮೊದಲಾಯಿತು? ಆ ಕಲ್ಲಿನ ಮುಂದೆ ನಿಂತ ಭಕ್ತನು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು.

ತಪೋಮದವು ಎಲ್ಲಕ್ಕೂ ಸೂಕ್ಷ್ಮವಾದದ್ದು. ಅದು ಮಠಗಳ ಹೊಸ್ತಿಲಲ್ಲಿಯೇ ಕಾದಿರುವದು. ಅದನ್ನು ಒಳಗೆ ಬಿಡದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳು. 1904ರಲ್ಲಿ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನೂ ಹುಟ್ಟುಹಾಕಿದ ಅವರು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಒಬ್ಬ ಕುರುಡು ಬಾಲಕನ ಕಂಠವನ್ನು ಕೇಳಿ, ಅವನಿಗೆ ಸಂಗೀತದ ಶಿಕ್ಷಣವನ್ನು ಕೊಡಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು.

ಹಾಡಿನಲ್ಲಿ ಮೈಮರೆಯುವದಕ್ಕೂ ಜನರು ಅಮಲೆಂದೇ ಅನ್ನುವರು. ಆದರೆ ಈ ಅಮಲು ಏರಿದಷ್ಟೂ ಕಿವಿಯು ಚುರುಕಾಗುವದು. ಶ್ರುತಿಯು ಕೂದಲೆಳೆಯಷ್ಟು ಸರಿದರೂ ತಿಳಿಯುವದು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಅವರ ಶಿಷ್ಯರು, ಇದೇ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು, 2010ರಲ್ಲಿ ಲಿಂಗೈಕ್ಯರಾಗುವ ವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಅನಾಥ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಒಟ್ಟಿಗೆ ನೀಡುತ್ತಿದ್ದರು.