ರೇಲ್ವೆಯ ಒಡೆಯರು ಯಾರು?



ರೇಲ್ವೆಯು ಸರಕಾರದ್ದು, ಸರಕಾರವು ಪ್ರಜೆಗಳದ್ದು, ಆದುದರಿಂದ ರೇಲ್ವೆಯು ಪ್ರಜೆಗಳದ್ದೆಂದು ನಾವೆಲ್ಲರೂ ಅಭಿಮಾನದಿಂದ ಹೇಳುತ್ತೇವೆ. ತರ್ಕದಲ್ಲಿ ದೋಷವಿಲ್ಲ. ಆದರೆ ಗಾಡಿಯ ವೇಳೆಯು ಬದಲಾದಾಗ, ಸಣ್ಣ ಊರಿನ ನಿಲುಗಡೆಯು ರದ್ದಾದಾಗ, ಒಡೆಯರಾದ ನಮ್ಮನ್ನು ಕೇಳಿದವರು ಯಾರು? ಇದೇ ಇಂದಿನ ವಿಚಾರವು.

ಪೂರ್ವದ ಸಂಗತಿಯನ್ನು ಸ್ವಲ್ಪ ನೆನೆಯೋಣ. 1849ರ ಕರಾರುಗಳಲ್ಲಿ ಆಂಗ್ಲ ಕಂಪನಿಗಳ ಬಂಡವಲಕ್ಕೆ ನೂರಕ್ಕೆ 5ರಂತೆ ಬಡ್ಡಿಯ ಖಾತ್ರಿಯನ್ನು ಕೊಡಲಾಯಿತು. ಕೊರತೆ ಬಿದ್ದುದನ್ನು ತೆರಿಗೆ ಕೊಡುವ ರೈತನು ತುಂಬಿಕೊಡಬೇಕಾಯಿತು. ಬಡ್ಡಿಯು ನಿಶ್ಚಯವಾದ ಬಳಿಕ ಪ್ರಯಾಣಿಕನ ಸುಖದುಃಖದ ಗೊಡವೆಯು ಯಾರಿಗೆ? ಮೂರನೆಯ ತರಗತಿಯ ಪ್ರಯಾಣಿಕರ ದುರವಸ್ಥೆಯನ್ನು ಮಹಾತ್ಮಾ ಗಾಂಧಿಯವರು 1917ರಲ್ಲಿ ಸ್ವಾನುಭವದಿಂದ ಬರೆದು ಪ್ರಕಟಿಸಿದರು. 1921ರಲ್ಲಿ ಆಕ್ವರ್ತ್ ಸಮಿತಿಯ ವರದಿಯು ಬಂದಿತು. ಆ ಸಮಿತಿಯಲ್ಲಿ ಭಿನ್ನಾಭಿಪ್ರಾಯವಿದ್ದಿತು. ಆದರೂ ಅಧ್ಯಕ್ಷರು ಸರಕಾರವೇ ರೇಲ್ವೆಯನ್ನು ನಡೆಸಬೇಕೆಂಬ ಪಕ್ಷವನ್ನು ಹಿಡಿದರು. ಜನರ ಅಭಿಪ್ರಾಯವನ್ನು ತಿಳಿಯಲು ಸಲಹಾ ಮಂಡಲಗಳಿರಬೇಕೆಂಬ ಸೂಚನೆಯೂ ಅದರಲ್ಲಿದ್ದಿತು.

ಮೊದಲನೆಯ ಮಾತು ನಡೆಯಿತು. 1925ರಲ್ಲಿ ಈಸ್ಟ್ ಇಂಡಿಯನ್ ಮತ್ತು ಜಿ. ಐ. ಪಿ. ರೇಲ್ವೆಗಳೂ 1944ರಲ್ಲಿ ನಮ್ಮ ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೇಲ್ವೆಯೂ ಸರಕಾರದ ಆಡಳಿತಕ್ಕೆ ಬಂದುವು. ಎರಡನೆಯ ಮಾತು ಅರ್ಧಕ್ಕೆ ನಿಂತಿತು. ನಿಲ್ದಾಣ, ವಿಭಾಗ, ವಲಯ, ರಾಷ್ಟ್ರ ಹೀಗೆ ನಾಲ್ಕು ಮೆಟ್ಟಿಲುಗಳಲ್ಲಿ ಪ್ರಯಾಣಿಕರ ಸಲಹಾ ಸಮಿತಿಗಳೇನೋ ಇವೆ. ಆದರೆ ಸದಸ್ಯರು ಪ್ರಯಾಣಿಕರಿಂದ ಆಯ್ಕೆಯಾದವರಲ್ಲ, ನಾಮನಿರ್ದೇಶನದಿಂದ ಬಂದವರು. ಅವರ ಮಾತಾದರೂ ಬರಿಯ ಸಲಹೆ. ವಕೀಲಿ ವೃತ್ತಿಯವರಾದ ನಾವು ಬಲ್ಲೆವು: ತೀರ್ಪಿಗೆ ಕಾರಣವನ್ನು ಹೇಳಬೇಕಾಗಿಲ್ಲದ ನ್ಯಾಯಾಧೀಶನ ಮುಂದೆ ಎಷ್ಟು ವಾದಿಸಿದರೂ ಅಷ್ಟೆ.

ಕನ್ನಡಿಗರಿಗಂತೂ ಇದು ಎರಡು ಪಟ್ಟು ನೋವಿನ ಸಂಗತಿಯು. ದಕ್ಷಿಣ ಮರಾಠಾ ರೇಲ್ವೆಯ ಮುಖ್ಯ ಕಚೇರಿಯು ಧಾರವಾಡದಲ್ಲಿದ್ದಿತು. 1908ರಲ್ಲಿ ಕಂಪನಿಗಳು ಕೂಡಿದ ಮೇಲೆ ಅಧಿಕಾರವು ಮದ್ರಾಸಿಗೆ ಹೋಯಿತು. ಧಾರವಾಡದ ಕಟ್ಟಡದಲ್ಲಿ ಕರ್ನಾಟಕ ಕಾಲೇಜು ನೆಲೆಸಿತು. ವಿದ್ಯೆಯ ದೃಷ್ಟಿಯಿಂದ ಅದು ಲಾಭವೇ ಸರಿ! ಮುಂದೆ 1966ರಲ್ಲಿ ಹುಬ್ಬಳ್ಳಿಯು ಸಿಕಂದರಾಬಾದಿನ ವಲಯಕ್ಕೆ ಸೇರಿತು. 2003ರಲ್ಲಿ ನೈರುತ್ಯ ವಲಯವು ಹುಬ್ಬಳ್ಳಿಯಲ್ಲಿ ಸ್ಥಾಪಿತವಾದಾಗಲೂ ಮಂಗಳೂರು ಪಾಲಕ್ಕಾಡಿನ ವಿಭಾಗದಲ್ಲಿ, ಕಲಬುರ್ಗಿ ಸೊಲ್ಲಾಪುರದ ವಿಭಾಗದಲ್ಲಿ, ಬೀದರ ಸಿಕಂದರಾಬಾದಿನ ವಿಭಾಗದಲ್ಲಿ ಉಳಿದುವು. ನಾಡು 1956ರಲ್ಲಿ ಕೂಡಿತು; ಹಳಿಗಳ ಆಡಳಿತವು ಕೂಡಲಿಲ್ಲ. ಅಲ್ಲಿಯ ಅಧಿಕಾರಿಗಳು ನಮಗೆ ಪರಕೀಯರಲ್ಲ. ಆದರೆ ಅಹವಾಲು ದೂರ ಹೋದಷ್ಟೂ ದನಿಯು ಕ್ಷೀಣವಾಗುವದು ಸಹಜವಲ್ಲವೆ?

ವೇಳಾಪತ್ರಿಕೆಯು ತಜ್ಞರ ಕೆಲಸ, ಪ್ರಯಾಣಿಕನಿಗೆ ಅದರಲ್ಲೇನು ತಿಳಿಯುವದೆಂದು ಕೆಲವರು ಆಕ್ಷೇಪಿಸುವರು. ಒಂದೇ ಹಳಿಯ ಮೇಲೆ ಎಷ್ಟು ಗಾಡಿಗಳು ಓಡಬಲ್ಲವೆಂಬುದನ್ನು ತಜ್ಞರೇ ಹೇಳಲಿ. ಶಾಲೆಯ ಗಂಟೆಗೆ ಮೊದಲು ಗಾಡಿಯು ಬಂದೀತೆ, ಸಂತೆ ಮುಗಿಸಿದ ಹೆಣ್ಣುಮಗಳು ಕತ್ತಲಾಗುವದರೊಳಗೆ ಮನೆ ಸೇರಿಯಾಳೆ ಎಂಬುದನ್ನು ಪ್ರಯಾಣಿಕನೇ ಹೇಳಬೇಕು. ಹೊರೆಯ ಭಾರವು ಹೊತ್ತವನಿಗೇ ಗೊತ್ತು.

ನಮ್ಮ ಬೇಡಿಕೆಗಳು ಮೂರು. ಸಮಿತಿಯ ವಿಷಯಪಟ್ಟಿಯನ್ನೂ ನಡವಳಿಗಳನ್ನೂ ಕನ್ನಡದಲ್ಲಿ ನಿಲ್ದಾಣದಲ್ಲಿ ಹಚ್ಚಬೇಕು. ಸಲಹೆಯನ್ನು ತಳ್ಳಿಹಾಕಿದರೆ ಗೊತ್ತಾದ ಅವಧಿಯೊಳಗೆ ಲಿಖಿತ ಕಾರಣವನ್ನು ಕೊಡಬೇಕು. ಸಾಮಾನ್ಯ ಡಬ್ಬಿಯಲ್ಲಿ ನಿತ್ಯ ತಿರುಗುವ ಶಿಕ್ಷಕರು, ವಿದ್ಯಾರ್ಥಿಗಳು, ರೈತರು ತಾವೇ ಆರಿಸಿದ ಸದಸ್ಯರು ಸಮಿತಿಯಲ್ಲಿರಬೇಕು.

ನಮ್ಮ ಕರ್ತವ್ಯವೂ ಇದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರವು ಬರಬೇಕು. ಊರೂರಿನಲ್ಲಿ ಪ್ರಯಾಣಿಕರ ಸಂಘವನ್ನು ಕಟ್ಟಿರಿ. ಗಾಡಿ ಎಷ್ಟು ದಿನ ತಡವಾಯಿತು, ಎಷ್ಟು ಮಕ್ಕಳಿಗೆ ಪಾಠ ತಪ್ಪಿತು ಎಂಬುದನ್ನು ಬರೆದಿಡಿರಿ. ಬರಿಯ ಗೊಣಗಾಟವನ್ನು ಯಾವ ಅಧಿಕಾರಿಯೂ ಲೆಕ್ಕಿಸನು. ಅಂಕಿಸಂಖ್ಯೆಗಳಿಗೆ ಉತ್ತರವನ್ನು ಕೊಡಲೇಬೇಕು. ಒಡೆತನವು ಕಾಗದದ ಮೇಲೆ ದೊರೆತಿದೆ. ಕೇಳುವ ಅಭ್ಯಾಸದಿಂದಲೇ ಅದು ಕೈಗೆ ಬರಬೇಕು.